ಸಿಂಪ್ಯೂಟರ್: ಸರಕು ಸಿದ್ಧವಿತ್ತು, ಗಿರಾಕಿ ಯಾರು?

ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ದಲಾಲಿ ಅಂಗಡಿಗಳಲ್ಲಿ, ಕೂಡ್ಲಿಗಿ, ಹಡಗಲಿಗಳ ಕಿರಾಣಿ ಅಂಗಡಿಗಳಲ್ಲಿ ಕ್ಯಾಲ್ಕುಲೇಟರ್ ಇಂದು ತಕ್ಕಡಿಯಷ್ಟೇ ಸಾಮಾನ್ಯವಾದ ಉಪಕರಣ. ಜಪಾನಿನ ಬ್ಯುಸಿಕಾಂ ಸಂಸ್ಥೆಯು 1971ರಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಎಲೆಕ್ಟ್ರಾನಿಕ್ ಲೆಕ್ಕಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದರ ಬೆಲೆ 395 ಡಾಲರ್. ತೀವ್ರ ಪೈಪೋಟಿಯಿಂದ ಬೆಲೆಗಳು ಕುಸಿದವು. 1974ರಲ್ಲಿ ಬ್ಯುಸಿಕಾಂ ದಿವಾಳಿಯಾಯಿತು, ಆದರೆ ಅದು ಪರಿಚಯಿಸಿದ ಬಗೆಯ ಸರಕು ಜಗತ್ತಿನ ಎಲ್ಲ ಅಂಗಡಿಗಳನ್ನೂ ತಲುಪಿತು. ಕೂಡುವ, ಕಳೆಯುವ ಕೆಲಸ ಪ್ರತಿಯೊಬ್ಬ ವರ್ತಕನಿಗೂ ದಿನನಿತ್ಯ ಬೇಕಾಗಿದ್ದುದೇ ಇದಕ್ಕೆ ಕಾರಣ.

ಸುಮಾರು ಮೂವತ್ತು ವರ್ಷಗಳ ನಂತರ ಅಂಗೈಯಲ್ಲಿ ಹಿಡಿಯುವ ಇನ್ನೊಂದು ಯಂತ್ರ ನಮ್ಮ ಬೆಂಗಳೂರಿನಲ್ಲಿಯೇ ರೂಪುಗೊಂಡಿತು. ಅದರ ಕಥೆಯು ಸಣ್ಣ ಉದ್ಯಮಿಗಳು ಅವಶ್ಯವಾಗಿ ತಿಳಿಯಬೇಕಾದುದಾಗಿದೆ.

ಹಳ್ಳಿಗಾಗಿ ಒಂದು ಗಣಕ

ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಹಾಗೂ ವಿ. ವಿನಯ್ ಅವರು ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರೊಂದಿಗೆ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪಿಸಿದರು. ಸರಳವೂ ಅಗ್ಗವೂ ಆದ, ಹಲವು ಭಾಷೆ ಬಲ್ಲ ಜನಸಾಮಾನ್ಯರ ಗಣಕವೊಂದನ್ನು ನಿರ್ಮಿಸುವುದು ಅವರ ಉದ್ದೇಶವಾಗಿತ್ತು. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರವನ್ನು ಪ್ರದರ್ಶಿಸಲಾಯಿತು. ಲಿನಕ್ಸ್ ಆಧಾರಿತವಾದ ಈ ಯಂತ್ರಕ್ಕೆ ಕೀಲಿಮಣೆ ಇರಲಿಲ್ಲ. ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕಿತ್ತು. ಓದುಬರಹ ಬಾರದವರಿಗಾಗಿ ಬರಹವನ್ನು ಭಾರತೀಯ ಭಾಷೆಗಳಲ್ಲಿ ಧ್ವನಿಯಾಗಿ ಕೇಳಿಸುವ ಏರ್ಪಾಡೂ ಇತ್ತು.

ಉದ್ದೇಶಿತ ಬೆಲೆ ಸುಮಾರು 9,000 ರೂಪಾಯಿ. ಒಬ್ಬ ರೈತನಿಗೆ ಇದು ದುಬಾರಿ ಎಂಬುದನ್ನು ನಿರ್ಮಾಪಕರು ಅರಿತಿದ್ದರು. ಆದುದರಿಂದ ಯಂತ್ರ ಊರಿಗೊಂದು, ಪ್ರತಿಯೊಬ್ಬರಿಗೂ ಅವರವರ ಮಾಹಿತಿಯುಳ್ಳ ಸ್ಮಾರ್ಟ್ ಕಾರ್ಡ್ ಎಂಬ ಯೋಜನೆ ರೂಪಿಸಿದರು. ಇಪ್ಪತ್ತು ಮಂದಿ ಹಂಚಿಕೊಂಡರೆ ತಲೆಗೆ 450 ರೂಪಾಯಿ ಮಾತ್ರ. ಕಾಗದದ ಮೇಲೆ ಈ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಒಂದೇ ಕಾರ್ಖಾನೆ, ಎರಡು ಸರಕು

ಪ್ರಾಧ್ಯಾಪಕರು ಆರಂಭಿಸಿದ ಪಿಕೋಪೆಟಾ ಸಂಸ್ಥೆಯು ಭಾರತ್ ಎಲೆಕ್ಟ್ರಾನಿಕ್ಸ್‌ನೊಡನೆ ಸೇರಿ 2004ರ ಏಪ್ರಿಲ್‌ನಲ್ಲಿ 'ಅಮಿಡಾ' ಹೆಸರಿನ ಸಿಂಪ್ಯೂಟರನ್ನು ಬಿಡುಗಡೆ ಮಾಡಿತು. ಮಾದರಿಗೆ ತಕ್ಕಂತೆ ಬೆಲೆ ಸುಮಾರು 10 ಸಾವಿರದಿಂದ 20 ಸಾವಿರ ರೂಪಾಯಿ. ಕೈಯ ಚಲನೆಯನ್ನು ಗ್ರಹಿಸುವ ಸಾಧನವೂ ಅದರಲ್ಲಿತ್ತು. ಮೊದಲ ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಆದರೆ 2005ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 50,000 ಯಂತ್ರಗಳ ಗುರಿಗೆ ಪ್ರತಿಯಾಗಿ ಮಾರಾಟವಾದವು ಸುಮಾರು 4,000. ಅವುಗಳಲ್ಲಿ ಗ್ರಾಮೀಣ ಬಳಕೆಗೆ ಹೋದವು ಹತ್ತರಲ್ಲೊಂದು ಪಾಲು ಮಾತ್ರ.

ಅದೇ 2004ರಲ್ಲಿ ದೇಶದ ಲೋಕಸಭಾ ಚುನಾವಣೆಯು ಮೊದಲ ಬಾರಿಗೆ ಎಲ್ಲ ಕ್ಷೇತ್ರಗಳಲ್ಲಿಯೂ ವಿದ್ಯುನ್ಮಾನ ಮತಯಂತ್ರಗಳ ಮೂಲಕ ನಡೆಯಿತು. ಬಳಕೆಯಾದ ಯಂತ್ರಗಳು ಹತ್ತು ಲಕ್ಷಕ್ಕೂ ಹೆಚ್ಚು. ಅವುಗಳ ಇಬ್ಬರು ತಯಾರಕರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಒಂದು. ಮತಯಂತ್ರಕ್ಕೆ ಚುನಾವಣಾ ಆಯೋಗವೆಂಬ ನಿಶ್ಚಿತ ಖರೀದಿದಾರನಿದ್ದನು, ಕೆಲಸವೂ ಒಂದೇ ಆಗಿತ್ತು. ಸಿಂಪ್ಯೂಟರ್ ಹಲವು ಕೆಲಸ ಬಲ್ಲದಾಗಿತ್ತು; ಅದನ್ನು ದೊಡ್ಡ ಸಂಖ್ಯೆಯಲ್ಲಿ ಕೊಳ್ಳುವವರು ಯಾರೆಂಬುದು ಮಾತ್ರ ನಿಶ್ಚಯವಾಗಿರಲಿಲ್ಲ. ಎಲೆಕ್ಟ್ರಾನಿಕ್ ಸರಕಿನಲ್ಲಿ ಸಂಖ್ಯೆ ಹೆಚ್ಚದೆ ಬಿಡಿಭಾಗ ಅಗ್ಗವಾಗದು, ಬೆಲೆ ಇಳಿಯದೆ ಸಂಖ್ಯೆ ಹೆಚ್ಚದು. ಈ ಸುಳಿಯಿಂದ ಅದು ಹೊರಬರಲಿಲ್ಲ.

ಗಿರಣಿಯ ಪಾಠ

ಹಂಚಿಕೊಂಡು ಬಳಸುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಹಿಟ್ಟಿನ ಗಿರಣಿ ಊರಿಗೆಲ್ಲ ಒಂದೇ. ಆದರೆ ಅದಕ್ಕೊಬ್ಬ ಮಾಲೀಕನಿದ್ದಾನೆ. ಬೀಸಿದ ಪ್ರತಿ ಸೇರು ಜೋಳಕ್ಕೂ ಅವನಿಗೆ ಕೂಲಿ ಸಿಗುತ್ತದೆ, ಆದುದರಿಂದ ಕಲ್ಲು ಸವೆದರೆ ತಾನೇ ಕಚ್ಚು ಹಾಕಿಸುತ್ತಾನೆ. ಊರೂರಿಗೆ ಹಬ್ಬಿದ ಎಸ್‌ಟಿಡಿ ಬೂತುಗಳು ನಡೆದದ್ದೂ ಇದೇ ರೀತಿಯಲ್ಲಿ. ಸಿಂಪ್ಯೂಟರ್‌ಗೆ ಬಂಡವಾಳ ಹಾಕಿ, ಬಾಡಿಗೆ ಪಡೆದು, ರಿಪೇರಿಗೆ ಹೊಣೆಯಾಗುವ ಅಂತಹ ಸ್ಥಳೀಯ ಮಾಲೀಕರ ಜಾಲ ಬೆಳೆಯಲಿಲ್ಲ. ಅಷ್ಟರೊಳಗೆ ಮೊಬೈಲ್ ಫೋನ್ ಅಗ್ಗವಾಯಿತು. 2003ರಲ್ಲಿ ರಿಲಯನ್ಸ್ ಸಂಸ್ಥೆಯು 501 ರೂಪಾಯಿ ಮುಂಗಡಕ್ಕೆ ಫೋನ್ ನೀಡತೊಡಗಿತ್ತು. ಮಾತನಾಡುವ ಅಗತ್ಯ ಎಲ್ಲರಿಗೂ ಇದ್ದುದರಿಂದ ಫೋನು ಮನೆಮನೆಗೆ ಬಂದಿತು. ಕಾಲಕ್ರಮದಲ್ಲಿ ಅದೇ ಗಣಕವೂ ಆಯಿತು.

ಸಿಂಪ್ಯೂಟರ್ ತಯಾರಕರ ಬುದ್ಧಿಮತ್ತೆಯಾಗಲಿ, ಸದುದ್ದೇಶವಾಗಲಿ ಪ್ರಶ್ನಾತೀತ. ಆದರೂ ಕೃಷಿ ಉಪಕರಣ ತಯಾರಿಸುವವರಿರಲಿ, ಶೇಂಗಾ ಎಣ್ಣೆಯನ್ನು ಪೊಟ್ಟಣ ಕಟ್ಟಿ ಮಾರಬಯಸುವವರಿರಲಿ, ಅಚ್ಚು ಹಾಕಿಸುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುವುದು ಒಳಿತು: ಹಣ ಕೊಡುವವರು ಯಾರು? ಮೊದಲ ಸಾವಿರ ಸರಕನ್ನು ಕೊಳ್ಳುವವರು ಯಾರು? ಕೆಟ್ಟ ದಿನ ಅದನ್ನು ಸರಿಪಡಿಸುವವರು ಯಾರು? ಉತ್ತರದ ಜಾಗದಲ್ಲಿ ಹೆಸರುಗಳು ಮೂಡಿದ ಬಳಿಕವೇ ಸಾಲಕ್ಕೆ ಅರ್ಜಿ ಹಾಕಬೇಕು.