ಬೆಕ್ಕಿನ ರೋಮ ಜಡೆಗಟ್ಟಿದಾಗ

ಊರಿನ ಮನೆಗಳಲ್ಲಿ ಬೆಕ್ಕಿನ ಮೈ ಬಾಚುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಟ್ಟದ ಇಲಿ ಹಿಡಿದು, ಒಲೆಯ ಬದಿಯಲ್ಲಿ ಮಲಗುತ್ತಿದ್ದ ಗಿಡ್ಡಗೂದಲಿನ ನಾಡಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಯಾಗಿರಿಸಿಕೊಳ್ಳುತ್ತಿತ್ತು. ಮುಂಬಯಿಯ ಫ್ಲಾಟುಗಳಲ್ಲಿ ಸಾಕುವ ಪರ್ಷಿಯನ್ ಬೆಕ್ಕಿನ ಸ್ಥಿತಿ ಬೇರೆ. ಅದರ ಉದ್ದನೆಯ ಮೃದು ರೋಮವನ್ನು ನೇರ್ಪಡಿಸಲು ನಾಲಗೆಯೊಂದೇ ಸಾಲದು.

ಬೆಕ್ಕಿನ ನಾಲಗೆಯ ಮೇಲಿನ ಒರಟು ಮುಳ್ಳುಗಳು ಬಾಚಣಿಗೆಯಂತೆ ಕೆಲಸ ಮಾಡಿ ಉದುರಿದ ಕೂದಲನ್ನು ಹೊರತೆಗೆಯುತ್ತವೆ. ಹಾಗೆ ತೆಗೆಯದೆ ಉಳಿದ ಒಳಗೂದಲು ಮೈಯ ಜಿಡ್ಡು, ತೇವ ಹಾಗೂ ಉಜ್ಜಾಟಗಳಿಂದ ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಕೆಳಗೆ, ತೊಡೆಸಂದಿನಲ್ಲಿ ಇದು ಮೊದಲು ಕಾಣಿಸುತ್ತದೆ.

ಇದು ಕೇವಲ ಅಂದಗೇಡಿನ ವಿಷಯವಲ್ಲ. ಜಡೆಯು ಪ್ರತಿ ಹೆಜ್ಜೆಗೂ ಚರ್ಮವನ್ನು ಎಳೆದು ನೋಯಿಸುತ್ತದೆ. ಅದರಡಿಯಲ್ಲಿ ಗಾಳಿಯಾಡದೆ, ವಿಶೇಷವಾಗಿ ಮಳೆಗಾಲದ ತೇವದಲ್ಲಿ, ಚರ್ಮ ಕೆಂಪಾಗಿ ಹುಣ್ಣಾಗಬಹುದು, ಚಿಗಟಗಳು ಅಡಗಿರಬಹುದು. ಬೆಕ್ಕಿಗೆ ಹುಳುಕಡ್ಡಿ ತಗಲಿದ್ದರೆ ಅದು ಮನೆಯ ಮಕ್ಕಳಿಗೂ ಹರಡಬಲ್ಲದು. ಇದುವರೆಗೆ ಶುಚಿಯಾಗಿದ್ದ ಬೆಕ್ಕು ಒಮ್ಮೆಲೇ ಮೈ ನೆಕ್ಕುವುದನ್ನು ಬಿಟ್ಟಿದ್ದರೆ ಸಂಧಿವಾತ, ಹಲ್ಲುನೋವು, ಬೊಜ್ಜು ಅಥವಾ ಬೇರಾವುದೋ ಕಾಯಿಲೆ ಕಾರಣವಾಗಿರಬಹುದು. ಆದುದರಿಂದ ಜಡೆಯನ್ನು ತೆಗೆಸುವುದರ ಜೊತೆಗೆ ಅದರ ಕಾರಣವನ್ನೂ ಹುಡುಕಬೇಕು.

ಇಂಥ ಸಮಯದಲ್ಲಿ ಮನೆಯವರು ಮಾಡುವ ಮೊದಲ ತಪ್ಪೆಂದರೆ ಕತ್ತರಿಯನ್ನು ಕೈಗೆತ್ತಿಕೊಳ್ಳುವುದು. ಬೆಕ್ಕಿನ ಚರ್ಮ ಬಹು ತೆಳು. ಜಡೆಯನ್ನು ಎತ್ತಿದರೆ ಚರ್ಮವೂ ಅದರೊಡನೆ ಮೇಲೇಳುತ್ತದೆ. ಕೂದಲೆಂದು ಕತ್ತರಿಸಿದ್ದು ಚರ್ಮವಾಗಿ, ಹೊಲಿಗೆ ಹಾಕಿಸಬೇಕಾದೀತು. ಎರಡನೆಯ ತಪ್ಪು ಸ್ನಾನ. ನೀರು ಬಿದ್ದ ಜಡೆ ಮತ್ತಷ್ಟು ಬಿಗಿಯಾಗುತ್ತದೆ. ಫಿನಾಲ್ ಇರುವ ಕ್ರಿಮಿನಾಶಕಗಳನ್ನು ಹಚ್ಚುವುದಂತೂ ಸಲ್ಲದು. ಅವು ಬೆಕ್ಕಿಗೆ ವಿಷ.

ಅನುಭವಿಗಳು ಚರ್ಮವನ್ನು ಬಿಗಿಯಾಗಿ ಹಿಡಿದು, ಚರ್ಮಕ್ಕೂ ಜಡೆಗೂ ನಡುವೆ ವಿದ್ಯುತ್ ಕ್ಲಿಪ್ಪರನ್ನು ಮೆಲ್ಲನೆ ನಡೆಸುತ್ತಾರೆ. ಅಲಗು ಬಿಸಿಯೇರಿದರೆ ನಿಲ್ಲಿಸುತ್ತಾರೆ. ಬೆಕ್ಕು ತೀರ ಹೆದರಿದ್ದರೆ ಅಥವಾ ಜಡೆ ಮೈಯೆಲ್ಲ ಹಬ್ಬಿದ್ದರೆ ಮಂಪರಿನ ಔಷಧಿ ಬೇಕಾದೀತು. ಅದನ್ನು ಪಶುವೈದ್ಯರೇ ಬೆಕ್ಕನ್ನು ಪರೀಕ್ಷಿಸಿ ಕೊಡಬೇಕು. ಕ್ಷೌರದ ಅನಂತರ ಕೂದಲು ಮರಳಿ ಬೆಳೆಯಲು ಕೆಲವು ತಿಂಗಳುಗಳು ಹಿಡಿಯುತ್ತವೆ.

ಪ್ರಾಣಿವೈದ್ಯಕ್ಕೆ ಈ ನಗರದಲ್ಲಿ ದೀರ್ಘ ಪರಂಪರೆಯಿದೆ. ಪರೇಲಿನ ಬಾಯಿ ಸಾಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯು 1883ರಲ್ಲಿ ಸ್ಥಾಪನೆಗೊಂಡಿತು. ಮುಂಬಯಿ ಪಶುವೈದ್ಯ ಕಾಲೇಜು 1886ರಲ್ಲಿ ಆರಂಭವಾಯಿತು. ಉಪನಗರಗಳಲ್ಲಿಯೂ ಈಗ ಪಶುವೈದ್ಯರು ದೊರೆಯುತ್ತಾರೆ.

ಇಷ್ಟೆಲ್ಲ ಕಷ್ಟವನ್ನು ತಪ್ಪಿಸಲು ದಿನಕ್ಕೆ ಐದಾರು ನಿಮಿಷ ಸಾಕು. ಲೋಹದ ಬಾಚಣಿಗೆಯಿಂದ, ಕೂದಲಿನ ಬುಡವನ್ನು ಬೆರಳಿನಲ್ಲಿ ಹಿಡಿದು, ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತ ಬರಬೇಕು. ಸಣ್ಣ ಗಂಟುಗಳಿಗೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿದರೆ ಬಿಡಿಸುವುದು ಸುಲಭ. ಬಾಯಿಲ್ಲದ ಪ್ರಾಣಿಯು ತನ್ನ ನೋವನ್ನು ಹೇಳಿಕೊಳ್ಳಲಾರದು. ಅದರ ಮೈಮೇಲೆ ದಿನವೂ ಆಡುವ ಕೈಯೇ ಅದನ್ನು ಮೊದಲು ಅರಿಯಬೇಕು.