ಹಳೆಯ ಸ್ಟೀರಿಯೋ ವರ್ಧಕವನ್ನು ಕೊಳ್ಳುವ ಮುನ್ನ

ಹೊಸ ಸ್ಟೀರಿಯೋ ಆಂಪ್ಲಿಫೈಯರಿನ ಬೆಲೆಯನ್ನು ಕೇಳಿ ಹಿಮ್ಮೆಟ್ಟಿದ ಸಂಗೀತಪ್ರಿಯ ವಿದ್ಯಾರ್ಥಿಗೆ ಉಳಿಯುವ ದಾರಿ ಒಂದೇ: ಬೆಂಗಳೂರಿನ ಎಸ್. ಪಿ. ರಸ್ತೆಯಂತಹ ಬೀದಿಗಳಲ್ಲಿ ಹಳೆಯ ಸಾಮಾನಿನ ಅಂಗಡಿಗಳನ್ನು ಸುತ್ತುವುದು. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಟ್ರಾನ್ಸಿಸ್ಟರ್ ವರ್ಧಕವನ್ನು ರಚಿಸುವ ವಿದ್ಯೆಯು 1970ರ ದಶಕದ ಕೊನೆಗೇ ಚೆನ್ನಾಗಿ ಪಕ್ವವಾಗಿತ್ತು. ಅಂದು ಸರಿಯಾಗಿ ತಯಾರಾದ ಯಂತ್ರವು ಕೆಡದೆ ಉಳಿದಿದ್ದರೆ ಇಂದಿಗೂ ಸೊಗಸಾಗಿ ಹಾಡುತ್ತದೆ. ಆದರೆ ‘ಕೆಡದೆ ಉಳಿದಿದ್ದರೆ’ ಎಂಬ ಆ ಎರಡು ಮಾತುಗಳಲ್ಲಿಯೇ ಕೊಳ್ಳುವವನ ಕಷ್ಟವೆಲ್ಲ ಅಡಗಿದೆ.

ಅಂಗಡಿಯವನು ಮೊಟ್ಟಮೊದಲು ಹೇಳುವುದು ವಾಟುಗಳ ಲೆಕ್ಕವನ್ನು. “ಇದು ಇಪ್ಪತ್ತು ವಾಟ್, ಅದು ನಲವತ್ತು, ಅದಕ್ಕೆ ಬೆಲೆ ಹೆಚ್ಚು” ಎನ್ನುತ್ತಾನೆ. ನಲವತ್ತು ವಾಟಿನ ವರ್ಧಕವು ಇಪ್ಪತ್ತರದಕ್ಕಿಂತ ಎರಡು ಪಟ್ಟು ಗಟ್ಟಿಯಾಗಿ ಕೇಳಿಸುವುದೇ? ಇಲ್ಲ. ನಮ್ಮ ಕಿವಿಯು ಶಕ್ತಿಯನ್ನು ಕೂಡುತ್ತಾ ಹೋಗುವುದಿಲ್ಲ. ಅದರ ಲೆಕ್ಕವೆಲ್ಲ ಗುಣಾಕಾರದ ಮೇಲೆ ನಿಂತಿದೆ. ಆದುದರಿಂದಲೇ ಧ್ವನಿಯ ಮಟ್ಟವನ್ನು ಲಾಗರಿತಮ್ ಮಾನವಾದ ಡೆಸಿಬೆಲ್‌ನಲ್ಲಿ ಅಳೆಯುತ್ತೇವೆ. ಶಕ್ತಿ ಇಮ್ಮಡಿಯಾದರೆ ಏರುವುದು ಕೇವಲ 3 ಡೆಸಿಬೆಲ್. ಧ್ವನಿ ಎರಡರಷ್ಟಾಯಿತೆಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅಂದರೆ ಶಕ್ತಿಯು ಹತ್ತು ಮಡಿಯಾಗಬೇಕು. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸಾಧಾರಣ ಸ್ಪೀಕರನ್ನು ತೆಗೆದುಕೊಳ್ಳಿರಿ. 20 ವಾಟಿನಲ್ಲಿ ಅದು 100 ಡೆಸಿಬೆಲ್ ಮುಟ್ಟುತ್ತದೆ, 40 ವಾಟಿನಲ್ಲಿ 103. ವಾಸದ ಕೋಣೆಯೊಂದಕ್ಕೆ ಮೊದಲನೆಯದೇ ಸಾಕು. ನೆರೆಯವರ ಸಹನೆಗಂತೂ ಅದೇ ಹೆಚ್ಚು.

1978ರಲ್ಲಿ ಹೊರಬಂದ ‘ನ್ಯಾಡ್ 3020’ ಇದಕ್ಕೆ ಒಳ್ಳೆಯ ನಿದರ್ಶನ. ತಯಾರಕರು ಅದಕ್ಕೆ ಹೇಳಿದ್ದು ಪ್ರತಿ ಪಾರ್ಶ್ವಕ್ಕೆ 20 ವಾಟ್ ಮಾತ್ರ. ಹೊರಗಿನ ನೋಟವೂ ತೀರ ಸಾದಾ. ಆದರೂ ಅದು ಲೋಕದಲ್ಲಿ ಅತಿ ಹೆಚ್ಚು ಮಾರಾಟವಾದ ವರ್ಧಕಗಳಲ್ಲಿ ಒಂದಾಯಿತು. 8 ಓಮ್ ಎಂದು ಬರೆದಿರುವ ಸ್ಪೀಕರಿನ ತಡೆಯು ಕೆಲವು ಸ್ವರಗಳಲ್ಲಿ ಅದಕ್ಕಿಂತ ಬಹಳ ಕೆಳಗೆ ಇಳಿಯುವುದುಂಟು. ಆಗ ಧಾರಾಳವಾಗಿ ವಿದ್ಯುತ್ತನ್ನು ಒದಗಿಸುವ ಸಾಮರ್ಥ್ಯ ಅದಕ್ಕಿತ್ತು. ಇನ್ನೊಂದೆಡೆ, ಅಗ್ಗದ ಪೆಟ್ಟಿಗೆಗಳ ಮೇಲೆ ‘ಪಿ. ಎಂ. ಪಿ. ಓ.’ ಎಂಬ ಹೆಸರಿನಲ್ಲಿ ಅಚ್ಚಾಗಿರುವ ಸಾವಿರಾರು ವಾಟುಗಳಿಗೆ ಯಾವ ಪ್ರಮಾಣವೂ ಇಲ್ಲ. ಇಂತಹ ಗೊಂದಲವನ್ನು ತಡೆಯಲೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಒಂದು ನಿಯಮವನ್ನು ಮಾಡಿತು: ಎಷ್ಟು ಓಮಿಗೆ, ಯಾವ ಆವರ್ತನ ವ್ಯಾಪ್ತಿಯಲ್ಲಿ, ಎಷ್ಟು ವಿಕೃತಿಯೊಡನೆ ಎಂಬುದನ್ನು ಹೇಳದೆ ವಾಟುಗಳನ್ನು ಜಾಹೀರು ಮಾಡಕೂಡದು. ಈ ವಿವರಗಳಿರುವ ಹಳೆಯ ಯಂತ್ರದ ಮಾತನ್ನು ನಂಬಬಹುದು.

ಹಾಗಾದರೆ ಪರೀಕ್ಷಿಸಬೇಕಾದುದೇನು? ಯಂತ್ರದ ಮುಪ್ಪನ್ನು.

ಟ್ರಾನ್ಸಿಸ್ಟರುಗಳಿಗೆ ಮುಪ್ಪು ಬೇಗ ಬರುವುದಿಲ್ಲ. ಬರುವುದು ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳಿಗೆ. ಅಲ್ಯೂಮಿನಿಯಮ್ ಹಾಳೆಯ ಮೇಲಿನ ಅತಿ ತೆಳುವಾದ ಆಕ್ಸೈಡ್ ಪೊರೆ, ಅದಕ್ಕೆ ತಗಲಿರುವ ದ್ರವ: ಇಷ್ಟೇ ಅದರ ಒಡಲು. ವರ್ಷಗಳು ಕಳೆದಂತೆ ದ್ರವವು ಆರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುವುದೆಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಬಿಸಿಲು ಬೀಳುವ ಕಪಾಟಿನಲ್ಲಿ ಗಾಳಿಯಾಡದೆ ಇದ್ದ ವರ್ಧಕಕ್ಕೂ ತಂಪಾದ ಕೋಣೆಯಲ್ಲಿದ್ದುದಕ್ಕೂ ವ್ಯತ್ಯಾಸವುಂಟಾಗುವುದು ಇದರಿಂದಲೇ. ಇದನ್ನು ಕಿವಿಯೇ ಪತ್ತೆಹಚ್ಚಬಲ್ಲದು. ಧ್ವನಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸಿ ಸ್ಪೀಕರಿಗೆ ಕಿವಿಗೊಡಿರಿ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಅದನ್ನು ಏಕಮುಖಗೊಳಿಸಿದಾಗ ಉಳಿಯುವ ಅಲೆ 100ರದು. ಆ 100 ಹರ್ಟ್ಸಿನ ಗುಂಯ್‌ಗುಡುವಿಕೆ ಜೋರಾಗಿದ್ದರೆ ಅಲೆಯನ್ನು ಸಮಗೊಳಿಸುವ ಕೆಪ್ಯಾಸಿಟರುಗಳು ಸೋತಿವೆಯೆಂದು ತಿಳಿಯಬಹುದು. ಅದಕ್ಕಿಂತ ಒಂದು ಸಪ್ತಕ ಕೆಳಗಿನ 50ರ ನಾದವಾದರೋ ಬಹುಮಟ್ಟಿಗೆ ತಂತಿಜೋಡಣೆಯ ದೋಷ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇನ್ನೊಂದುಂಟು. ಅದಕ್ಕೆ ಬೇಕಾದುದು ಒಂದು ಸಾಧಾರಣ ಮಲ್ಟಿಮೀಟರ್ ಮಾತ್ರ. ಈ ಕಾಲದ ಬಹುತೇಕ ವರ್ಧಕಗಳಲ್ಲಿ ಟ್ರಾನ್ಸಿಸ್ಟರುಗಳು ಸ್ಪೀಕರಿಗೆ ನೇರವಾಗಿ ಜೋಡಿಸಲ್ಪಟ್ಟಿವೆ. ಅವುಗಳಲ್ಲೊಂದು ಸುಟ್ಟು ಒಳಗೇ ಕೂಡಿಕೊಂಡರೆ, ಯಂತ್ರದೊಳಗಿನ ಏಕಮುಖ ವೋಲ್ಟೇಜೆಲ್ಲ ಸ್ಪೀಕರಿನ ಮೇಲೆ ಬೀಳುತ್ತದೆ. ಅದು 30 ವೋಲ್ಟ್ ಎಂದೂ, ಸ್ಪೀಕರಿನ ಸುರುಳಿಯ ರೋಧ 6 ಓಮ್ ಎಂದೂ ಇಟ್ಟುಕೊಳ್ಳಿರಿ. 30ರ ವರ್ಗವನ್ನು 6ರಿಂದ ಭಾಗಿಸಿದರೆ 150 ವಾಟ್! 25 ವಾಟಿನ ಆರು ಬೆಸುಗೆ ಕಡ್ಡಿಗಳ ಕಾವು ಕೂದಲೆಳೆಯಂತಹ ತಂತಿಯಲ್ಲಿ. ವರ್ಧಕವು ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವಷ್ಟರಲ್ಲಿ ಅದಕ್ಕಿಂತ ಬೆಲೆಬಾಳುವ ಸ್ಪೀಕರು ಹೊಗೆಯಾಗಿರುತ್ತದೆ.

ಆದುದರಿಂದ ಸ್ಪೀಕರನ್ನು ಸಿಕ್ಕಿಸುವುದಕ್ಕೂ ಮೊದಲೇ, ಧ್ವನಿಯನ್ನು ಸೊನ್ನೆಯಲ್ಲಿಟ್ಟು, ಐದಾರು ನಿಮಿಷ ಯಂತ್ರವು ಕಾದ ಮೇಲೆ, ಪ್ರತಿ ಪಾರ್ಶ್ವದ ಕೆಂಪು ಕಪ್ಪು ತುದಿಗಳ ನಡುವೆ ಏಕಮುಖ ವೋಲ್ಟೇಜನ್ನು ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. 100ನ್ನು ಮೀರಿದರೆ ರಿಪೇರಿಯ ಖರ್ಚನ್ನೂ ಬೆಲೆಯೊಡನೆ ಸೇರಿಸಬೇಕು. ವೋಲ್ಟುಗಟ್ಟಲೆ ಇದ್ದರೆ ನಮಸ್ಕಾರ ಹೇಳಿ ಹೊರಡಬಹುದು. ಒಂದು ಎಚ್ಚರಿಕೆ: ಅನೇಕ ವರ್ಧಕಗಳಲ್ಲಿ ಸ್ಪೀಕರನ್ನು ಕಾಯಲು ರಿಲೇ ಇರುತ್ತದೆ. ಸ್ವಿಚ್ಚು ಹಾಕಿದ ಕೆಲವು ಸೆಕೆಂಡುಗಳಲ್ಲಿ ಅದು ‘ಟಕ್’ ಎನ್ನಬೇಕು. ಎನ್ನದಿದ್ದರೆ ಮೀಟರು ಸೊನ್ನೆಯನ್ನೇ ತೋರುವುದು. ಆದರೆ ಅದು ಆರೋಗ್ಯದ ಸೊನ್ನೆಯಲ್ಲ.

ಬಹುಕಾಲ ಮೂಲೆಯಲ್ಲಿದ್ದ ಯಂತ್ರವಾದರೆ, ಅದನ್ನು ಸೀರೀಸ್ ಬಲ್ಬಿನ ಮೂಲಕ ಹಚ್ಚಿ ತೋರಿಸಲು ಅಂಗಡಿಯವನನ್ನು ಕೇಳಿರಿ. ರಿಪೇರಿ ಮಾಡುವವರಲ್ಲಿ ಈ ಹಲಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. 100 ವಾಟಿನ ಹಳೆಯ ಮಾದರಿಯ ಬಲ್ಬು ಪೂರ್ತಿ ಉರಿದಾಗ ಅದರ ರೋಧ ಸುಮಾರು 529 ಓಮ್. ಒಳಗೆ ಶಾರ್ಟ್ ಆಗಿದ್ದರೂ ಅರ್ಧ ಆಂಪಿಯರಿಗಿಂತ ಹೆಚ್ಚು ಹರಿಯಗೊಡದು. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಯಂತ್ರವು ಸ್ವಸ್ಥವೆಂದೂ, ಪ್ರಖರವಾಗಿ ಉರಿಯುತ್ತಲೇ ಇದ್ದರೆ ರೋಗಿಯೆಂದೂ ಅರ್ಥ. ಇದನ್ನು ನೀವೇ ಮಾಡಹೋಗಬೇಡಿರಿ. ಮುಚ್ಚಳವನ್ನೂ ಬಿಚ್ಚಬೇಡಿರಿ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪ್ಯಾಸಿಟರುಗಳಲ್ಲಿ ವಿದ್ಯುತ್ತು ನಿಂತಿರುತ್ತದೆ.

ಹಿಂಬದಿಯ ಫಲಕವನ್ನು ಓದಲು ಮರೆಯಬಾರದು. ಜಪಾನಿನ ಒಳಪೇಟೆಗಾಗಿ ತಯಾರಾದುದು 100 ವೋಲ್ಟಿನದು, ಅಮೆರಿಕದ್ದು 120ರದು. ಇವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಫ್ಯೂಸ್ ಹೋಗುವುದು ಅದೃಷ್ಟವಿದ್ದರೆ. ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರೇ ಹೋಗುವುದು. ಬೇರೊಂದು ಇಳಿಕೆಯ ಟ್ರಾನ್ಸ್‌ಫಾರ್ಮರಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು, ಗುಂಡಿಯನ್ನು ತಿರುಗಿಸಿದಾಗ ಕೇಳಿಬರುವ ಕರಕರ ಸದ್ದು. ಹೆಚ್ಚಿನವರು ಹೆದರಿ ಬಿಟ್ಟುಬರುವುದು ಇದಕ್ಕೇ. ವಾಸ್ತವದಲ್ಲಿ ಅದು ಬಹುಮಟ್ಟಿಗೆ ಧೂಳು ಮತ್ತು ಕಿಲುಬಿನ ಫಲ. ಸಂಪರ್ಕಗಳನ್ನು ಶುಚಿಮಾಡುವ ದ್ರವವನ್ನು ಸ್ವಲ್ಪ ಸಿಂಪಡಿಸಿ ಹತ್ತಿಪ್ಪತ್ತು ಸಲ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಉಳಿದ ಪರೀಕ್ಷೆಗಳೆಲ್ಲ ಸರಿಬಂದ ಮೇಲೆ, ಅಂಗಡಿಯವನ ಮುಂದೆ ಆ ಗುಂಡಿಯನ್ನು ಎರಡು ಮೂರು ಸಲ ತಿರುಗಿಸಿ, ಅನಂತರ ಬೆಲೆಯ ಮಾತನ್ನೆತ್ತಿರಿ.