ಜೇನು ಮನೆ ಸೇರಲಿ

ಕಾರ್ತಿಕ ಮುಗಿದು ವಾರವಾಗಿದೆ. ಕಲಬುರಗಿಯಿಂದ ಆಳಂದದ ದಾರಿ ಹಿಡಿದರೆ ಎರಡೂ ಬದಿಗೆ ಆಳೆತ್ತರದ ತೊಗರಿ. ಬುಡದಲ್ಲಿ ಬಿರಿಯತೊಡಗಿದ ಕರಿಮಣ್ಣು, ತುದಿಯಲ್ಲಿ ಹಳದಿ ಹೂ, ನಡುವೆ ಗೊಂಚಲು ಗೊಂಚಲು ಎಳೆಗಾಯಿ. ಎರಡು ಸಾಲು ಒಳಗೆ ಹೊಕ್ಕರೆ ಸಾಕು, ರಸ್ತೆಯ ಲಾರಿ ಸದ್ದು ಅಳಿದು ಜೇನಿನ ಗುಂಯ್ ಎನ್ನುವ ಸದ್ದು ಕಿವಿ ತುಂಬುತ್ತದೆ.

ಮೂರು ದಿನದಿಂದ ಮೋಡ ಕವಿದಿದೆ. ಈ ಹೊತ್ತಿನ ಮೋಡ ಕಂಡರೆ ತೊಗರಿಯವರಿಗೆ ಮೊದಲು ನೆನಪಾಗುವುದು ಹುಳ.

ಹೊಲದ ಕಾಕಾ ಮಾತಾಡದೆ ಒಂದು ಕಾಯಿ ಕಿತ್ತು ನನ್ನ ಅಂಗೈ ಮೇಲಿಟ್ಟರು. ಜೋಳದ ಕಾಳು ಹಿಡಿಸುವಷ್ಟು ದುಂಡನೆಯ ತೂತು. ಅದರಲ್ಲಿ ತಲೆ ಹುದುಗಿಸಿ, ಅರ್ಧ ಮೈಯನ್ನು ಹೊರಗೇ ಬಿಟ್ಟುಕೊಂಡು ಹಸಿರು ಹುಳವೊಂದು ಉಣ್ಣುತ್ತಿತ್ತು. ಪಕ್ಕೆಯುದ್ದಕ್ಕೂ ತೆಳು ಬಿಳಿ ಗೀರು. ಬೆರಳು ತಾಗಿಸಿದೊಡನೆ ಸುರುಳಿ ಸುತ್ತಿಕೊಂಡಿತು. ಪುಸ್ತಕದಲ್ಲಿ ಇದು ಕಾಯಿಕೊರಕ, ಇಲ್ಲಿಯವರ ಬಾಯಲ್ಲಿ ಬರೀ ಕೀಡಿ. ಒಂದು ಕಾಯಿಯ ಕಾಳು ಮುಗಿಸಿ ಪಕ್ಕದ ಕಾಯಿಗೆ ನಡೆಯುವುದೇ ಇದರ ಕಸುಬು.

“ಸುಮ್ನ ನೋಡಿದ್ರ ಆಗಂಗಿಲ್ರಿ, ಹತ್ತ ಗಿಡ ಎಣಸ್ರಿ” ಎಂದರು ಕಾಕಾ.

ಎಣಿಸಿದೆ. ಹತ್ತು ಗಿಡಕ್ಕೆ ಆರು. ಗಿಡಕ್ಕೆ ಎರಡು ತತ್ತಿ, ಇಲ್ಲವೇ ಒಂದು ಹುಳ ಕಂಡರೆ ಔಷಧ ಎಂಬುದು ಕೃಷಿ ವಿಜ್ಞಾನಿಗಳು ಎಳೆದುಕೊಟ್ಟ ಗೆರೆ. ಅಂಗಡಿಯ ಗೆರೆ ಬೇರೆ, ಅಲ್ಲಿ ಮೋಡ ಕಂಡರೇ ಸಾಕು. ಔಷಧ ಉದ್ರಿ ಸಿಗುತ್ತದೆ, ಹುಳ ಆರಿಸುವ ಆಳಿಗೆ ಮಾತ್ರ ಸಂಜೆಗೇ ರೊಕ್ಕ ಎಣಿಸಬೇಕು. ಈ ಲೆಕ್ಕ ಗೊತ್ತಿಲ್ಲದ ನಮ್ಮಂಥವರು ಪಟ್ಟಣದಲ್ಲಿ ಕೂತು ‘ರೈತರು ವಿಷ ಸುರಿಯುತ್ತಾರೆ’ ಎಂದುಬಿಡುತ್ತೇವೆ.

ಈ ಹುಳಕ್ಕೆ ವಿಷ ಅರಗಿಸಿಕೊಂಡು ಗೊತ್ತು. 1987ರಲ್ಲಿ ಆಂಧ್ರದ ಹತ್ತಿ ಹೊಲಗಳಲ್ಲಿ ಪೈರೆಥ್ರಾಯ್ಡ್ ಔಷಧ ಎಷ್ಟು ಹೊಡೆದರೂ ಸಾಯದೆ ಉಳಿದದ್ದು ಇದೇ ಕೀಡಿ. ಹುಳ ತಿನ್ನುವ ಜೇಡ, ಗುಲಗಂಜಿ ಹುಳ, ಕಣಜಗಳಿಗೆ ಆ ಗಟ್ಟಿತನವಿಲ್ಲ, ಅವು ಮೊದಲ ಸುತ್ತಿಗೇ ನೆಲ ಕಚ್ಚುತ್ತವೆ. ಕಲಬುರಗಿಯನ್ನು ತೊಗರಿಯ ಕಣಜ ಎಂದು ಹೊಗಳುವವರಿಗೆ ಈ ಹಾರುವ ಕಣಜದ ನೆನಪಿರುವುದು ಕಡಿಮೆ.

ಅಷ್ಟರಲ್ಲಿ ಮನೆಯ ಹೆಣ್ಣುಮಕ್ಕಳು ಮೂವರು ಬಂದರು. ಒಬ್ಬರ ಕೈಯಲ್ಲಿ ಹಳೆಯ ತಾಡಪತ್ರಿ. ಅದನ್ನು ಸಾಲಿನ ನಡುವೆ ಹಾಸಿ ಎಳೆಯುತ್ತ ಹೋದ ಹಾಗೆ ಅತ್ತೊಬ್ಬರು, ಇತ್ತೊಬ್ಬರು ಗಿಡ ಬಗ್ಗಿಸಿ ಜಾಡಿಸಿದರು. ರೆಂಬೆ ಮುರಿಯುವಷ್ಟಲ್ಲ, ಮಗುವನ್ನು ಎಬ್ಬಿಸುವಷ್ಟು. ಟಪಟಪ ಉದುರಿದವು: ಹಸಿರು, ಕಂದು, ತಿಳಿಗೆಂಪು ಹುಳಗಳು, ಒಣ ಹೂ, ತರಗೆಲೆ. ನಡುವೆ ಗಾಬರಿಬಿದ್ದು ಓಡಿದ ಜೇಡವೊಂದನ್ನು ಸಣ್ಣ ಸೊಸೆ ಎಲೆಯ ಮೇಲೆ ಹತ್ತಿಸಿಕೊಂಡು ಮತ್ತೆ ಗಿಡಕ್ಕೇ ಬಿಟ್ಟಳು. ಹುಳಗಳೆಲ್ಲ ಬಕೆಟ್ಟಿಗೆ, ಬಕೆಟ್ಟು ಕೋಳಿಗಳಿಗೆ. ಈ ಭಾಗದ ರೈತರ ಈ ಜಾಡಿಸುವ ಕೆಲಸವನ್ನು ಪಟಾಂಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳೂ ಪರೀಕ್ಷಿಸಿ ಮೆಚ್ಚಿದ್ದಾರೆ. ಆದರೆ ಹೂವಿನೊಳಗೆ ಅಡಗಿದ ಎಳೆ ಹುಳ, ಅಂಟಿಕೊಂಡ ತತ್ತಿ ಜಾಡಿಸಿದರೆ ಬೀಳುವುದಿಲ್ಲ. ಮೂವರ ರಟ್ಟೆಯೂ ಸಂಜೆಗೆ ಸೋತಿರುತ್ತದೆ.

ಬಿತ್ತುವಾಗ ತೊಗರಿಯೊಡನೆ ಒಂದು ಹಿಡಿ ಜೋಳ ಬೆರೆಸಿದ್ದರಂತೆ. ಅಲ್ಲಲ್ಲಿ ತಲೆಯೆತ್ತಿ ನಿಂತ ಆ ತೆನೆಗಳ ಮೇಲೆ ಕಾಜಾಣಗಳು ಜೋಲಿ ಹೊಡೆಯುತ್ತ ಕೂತಿದ್ದವು. ಒಂದು ಧುಮುಕಿತು, ಹಸಿರು ಹಿಡಿದುಕೊಂಡು ಅದೇ ತೆನೆಗೆ ಮರಳಿತು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲಿ, ಆಮೇಲೆ ಬರೋಣ ಎಂದು ಕಾಯುವ ಜಾತಿಯಲ್ಲ ಇವು.

ಬದುವಿನ ಬೇವಿನ ಬುಡದಲ್ಲಿ ಬ್ಯಾಟರಿ ಪಂಪು ಕೂತಿತ್ತು. ಹೂ ಬಿಡುವ ಕಾಲಕ್ಕೆ ಅದರಲ್ಲಿ ಹೊಡೆದದ್ದು ಇದೇ ಮರದ ಬೀಜದ ಕಷಾಯ: ಕುಟ್ಟಿದ ತಿರುಳು 5 ಕಿಲೋ, ಇಡೀ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸೋಪಿನ ಪುಡಿ ಸೇರಿಸಿ 100 ಲೀಟರು. ಎಳೆ ಹುಳ ಇದರ ಕಹಿಗೆ ಮುಖ ತಿರುಗಿಸುತ್ತದೆ. ಬಲಿತದ್ದು ಕ್ಯಾರೇ ಅನ್ನುವುದಿಲ್ಲ.

ಹಾಗಾಗಿಯೇ ಪಂಪಿನ ಪಕ್ಕ ಒಂದು ಬಾಟಲಿ ಇತ್ತು, ಕ್ಲೋರಾಂಟ್ರಾನಿಲಿಪ್ರೋಲ್, ಇನ್ನೂ ಮುಚ್ಚಳ ಬಿಚ್ಚದ್ದು. ಪಡುವಣ ಅಂಚಿನ ಒಂದೆಕರೆಯಲ್ಲಿ ಎಣಿಸಿದಾಗ ಹತ್ತು ಗಿಡಕ್ಕೆ ಹದಿನೇಳು ಹುಳ ಸಿಕ್ಕವು. ಕಾಕಾ ಹಣೆ ಒರೆಸಿಕೊಂಡರು. ಅದೊಂದು ಎಕರೆಗೆ 60 ಎಂ.ಎಲ್. ಸಾಕು, ಉಳಿದ ಹೊಲಕ್ಕೆ ತಾಡಪತ್ರಿ ಎಂದು ತೀರ್ಮಾನವಾಯಿತು. ಜೇನಿಗೆ ಈ ಔಷಧದ ಕಾಟ ಕಡಿಮೆ ಎಂದು ನಾನು ಓದಿದ್ದನ್ನು ಹೇಳಿದೆ.

“ಕಮ್ಮೀನೇ ಇರಲಿ, ಯಾಕ ಬೇಕ್ರಿ. ಅವು ಮನಿ ಸೇರಲಿ” ಎಂದು ಬದುವಿನ ಮೇಲೆ ಕೂತುಬಿಟ್ಟರು.

ನಾವೂ ಕೂತೆವು. ಮೋಡದ ಅಂಚು ಕೆಂಪಾಗಿ, ಬೂದಿಯಾಯಿತು. ಹೂಗಳ ಮೇಲಿನ ಸದ್ದು ಒಂದೊಂದೇ ಎಳೆ ಕಡಿದಂತೆ ಇಳಿಯುತ್ತ ಬಂತು. ಕೊನೆಗೊಂದು ದುಂಬಿ ಮಾತ್ರ ಉಳಿಯಿತು. ಅದೂ ಹೋದ ಮೇಲೆ ಕಾಕಾ ಮೂಗು ಬಾಯಿಗೆ ಟವೆಲ್ ಬಿಗಿದುಕೊಂಡು, ಕೈಗೆ ಗ್ಲೌಸು ಏರಿಸಿ, ಮುಚ್ಚಳ ಬಿಚ್ಚಿದರು.